‘ಲೂಸರ್, ಬೇಬಿ’ಯ ಜಾಡಿನಲ್ಲಿ ಒಂದು ಕನ್ನಡ ಜೋಡಿಹಾಡು

ಪ್ರಶ್ನೆ: ನಾವು ನಾಲ್ವರು ಆನಿಮೇಷನ್ ವಿದ್ಯಾರ್ಥಿಗಳು. ಕೋರ್ಸಿನ ಕೊನೆಗೆ ಎರಡೂವರೆ ನಿಮಿಷದ ಹಾಡಿನ ಚಿತ್ರ ಮಾಡಬೇಕು. ನರಕದಲ್ಲಿ ನಡೆಯುವ ಆನಿಮೇಷನ್ ಸರಣಿ ‘ಹ್ಯಾಜ್‌ಬಿನ್ ಹೋಟೆಲ್’ನ ‘ಲೂಸರ್, ಬೇಬಿ’ ಹಾಡು ನಮಗೆಲ್ಲ ಬಾಯಿಪಾಠ. ಅದೇ ಧಾಟಿಯಲ್ಲಿ ಇಬ್ಬರು ಗೆಳೆಯರ ಕನ್ನಡ ಹಾಡು ಬರೆದಿದ್ದೇವೆ. ಹಾಡಿದರೆ ಭಜನೆಯಂತೆ ಕೇಳುತ್ತದೆ, ಜಾಝ್‌ನ ತೂಗುವ ಲಯ, ಅಂದರೆ ಸ್ವಿಂಗ್, ಬರುವುದೇ ಇಲ್ಲ. ಆನಿಮೇಟ್ ಮಾಡಿದರೆ ತುಟಿ ಯಾವಾಗಲೂ ಹಾಡಿನ ಹಿಂದೆ ಓಡುತ್ತದೆ. ಆ ಹಾಡಿನಲ್ಲಿ ಇರುವುದೇನು, ನಮ್ಮದರಲ್ಲಿ ಇಲ್ಲದ್ದೇನು?

ಉತ್ತರ: ನೀವು ಹೇಳಿದ ಎರಡು ತೊಂದರೆಗಳಿಗೂ ಲೆಕ್ಕ ಹಾಕಿ ತೋರಿಸಬಹುದಾದ ಕಾರಣಗಳಿವೆ. ಅದಕ್ಕೆ ಮೊದಲು ಆ ಹಾಡು ನಿಂತಿರುವುದು ಯಾವುದರ ಮೇಲೆ ಎಂದು ನೋಡೋಣ. ಜಾಝ್ ವಾದ್ಯಗಳನ್ನೂ ಬೈಗುಳವನ್ನೂ ಮಾತ್ರ ಎತ್ತಿಕೊಂಡು ಬಂದರೆ ಹಾಡಿನ ಬೆನ್ನೆಲುಬು ಅಲ್ಲೇ ಉಳಿದುಬಿಡುತ್ತದೆ.

ವಿವಿಯನ್ ಮೆಡ್ರಾನೊ ರೂಪಿಸಿದ ಈ ಸರಣಿಯ ಪೈಲಟ್ ಸಂಚಿಕೆ 2019ರ ಅಕ್ಟೋಬರ್‌ನಲ್ಲಿ ಯೂಟ್ಯೂಬ್‌ಗೆ ಬಂತು. ಎಂಟು ಸಂಚಿಕೆಗಳ ಮೊದಲ ಸೀಸನ್ 2024ರ ಜನವರಿಯಿಂದ ಪ್ರೈಮ್ ವಿಡಿಯೊದಲ್ಲಿ ಪ್ರಸಾರವಾಯಿತು. ಆ ಸೀಸನ್ನಿನ ಹಾಡುಗಳನ್ನು ಕಟ್ಟಿದವರು ಸ್ಯಾಮ್ ಹಾಫ್ಟ್ ಮತ್ತು ಆಂಡ್ರೂ ಅಂಡರ್‌ಬರ್ಗ್. ಒಂದು ಸಂಚಿಕೆಗೆ ಎರಡು ಹಾಡಿನ ಲೆಕ್ಕ. ‘ಲೂಸರ್, ಬೇಬಿ’ ನಾಲ್ಕನೆಯ ಸಂಚಿಕೆಯ ಎರಡನೆಯ ಹಾಡು, ಅಂದರೆ ಸೀಸನ್ನಿನ ಹೆಚ್ಚುಕಡಿಮೆ ನಟ್ಟನಡುವೆ. ಅದೇ ಸಂಚಿಕೆಯ ಮೊದಲ ಹಾಡು ‘ಪಾಯ್ಸನ್’. ಎರಡನ್ನೂ ಒಟ್ಟಿಗೇ ಕೇಳಬೇಕು. ಮೊದಲನೆಯದರಲ್ಲಿ ಏಂಜಲ್ ಡಸ್ಟ್ ಒಬ್ಬನೇ ಹಾಡುತ್ತಾನೆ. ಹಿಂದೆ ಕುಣಿಸುವ ಎಲೆಕ್ಟ್ರಾನಿಕ್ ಪಾಪ್ ಸಂಗೀತ, ಮಾತಿನಲ್ಲಿ ಮಾತ್ರ ಉಸಿರುಕಟ್ಟುವ ಸ್ಥಿತಿ. ವ್ಯಾಲೆಂಟಿನೊ ಎಂಬ ಸ್ಟುಡಿಯೊ ಮಾಲೀಕನಿಗೆ ಆತ್ಮವನ್ನೇ ಬರೆದುಕೊಟ್ಟು ಸಿಕ್ಕಿಬಿದ್ದವನ ಹಾಡು ಅದು. ಎರಡನೆಯದರಲ್ಲಿ ಹೋಟೆಲಿನ ಬಾರ್ ನೋಡಿಕೊಳ್ಳುವ ಹಸ್ಕ್ ಅವನ ಜೊತೆಯಾಗುತ್ತಾನೆ. ಹಿಂದೆ ದೊಡ್ಡ ಕುಳವಾಗಿದ್ದು, ಜೂಜಿನಲ್ಲಿ ಎಲ್ಲ ಕಳೆದುಕೊಂಡು, ಅಲಾಸ್ಟರ್ ಎಂಬ ಬಲಾಢ್ಯ ದೆವ್ವದ ಕೈಗೆ ತನ್ನ ಆತ್ಮ ಕೊಟ್ಟವನು ಈ ಹಸ್ಕ್. ಹೊಳಪಿನ ಸಂಗೀತದಲ್ಲಿ ಒಂಟಿಯಾಗಿದ್ದವನಿಗೆ ಹಳೇ ಬಾರಿನ ತೂಗಾಟದ ಸಂಗೀತದಲ್ಲಿ ಜೊತೆ ಸಿಗುತ್ತದೆ. ಆ ಹಾಡು ಜಾಝ್ ಧಾಟಿಯಲ್ಲಿರುವುದಕ್ಕೆ ಕಥೆಯಲ್ಲೇ ಕಾರಣವಿದೆ. ನಿಮ್ಮ ಚಿತ್ರದಲ್ಲಿ ಒಂದೇ ಹಾಡು ಇರುವುದರಿಂದ ಈ ವೈದೃಶ್ಯ ಸಿಗುವುದಿಲ್ಲ. ಹಾಡಿಗೆ ಮುಂಚೆ ಸಂಗೀತವೇ ಇಲ್ಲದ ಹತ್ತು ಸೆಕೆಂಡಿನ ದೃಶ್ಯ ಒಂದಿದ್ದರೆ ಆ ಕೊರತೆ ಸ್ವಲ್ಪ ತುಂಬೀತು.

ಹಾಡಿನ ಒಳಗಿನ ಕಟ್ಟಡವನ್ನು ನೋಡಿ. ಮೊದಲ ಚರಣ ಪೂರ್ತಿ ಸಾಂತ್ವನದ ದಾರಿ ಹಿಡಿದಂತೆ ನಟಿಸುತ್ತದೆ: ನಿನ್ನ ಬದುಕು ಕೆಟ್ಟಿದೆ ಅನ್ನಿಸುತ್ತಿದೆ, ದಾರಿ ತಪ್ಪಿದೆ ಅನ್ನಿಸುತ್ತಿದೆ... ಇನ್ನೇನು ‘ಹಾಗೇನಿಲ್ಲ’ ಎನ್ನುತ್ತಾನೆ ಅನ್ನುವಾಗ, ‘ನಿನಗೆ ಅನ್ನಿಸಿದ್ದು ಸರಿಯಾಗೇ ಇದೆ’ ಎಂದು ತಿರುಗಿಸಿ ಪಲ್ಲವಿಗೆ ಹಾರುತ್ತಾನೆ. ಪಲ್ಲವಿ ಪೂರ್ತಿ ಬೈಗುಳ. ಕೇಳುವವನು ನಡುನಡುವೆ ಮಾತಿನಲ್ಲೇ ತಡೆಯುತ್ತಾನೆ, ಸಿಡುಕುತ್ತಾನೆ. ಆಮೇಲೆ ಹಸ್ಕ್ ತನ್ನ ಕಥೆಗೆ ಬರುತ್ತಾನೆ, ಏಂಜಲ್ ತನ್ನ ಗುಟ್ಟು ಹೊರಹಾಕುತ್ತಾನೆ, ಅದಕ್ಕೂ ‘ನೀನೊಬ್ಬನೇ ಅಂದುಕೊಂಡೆಯಾ’ ಎಂಬ ಧಾಟಿಯ ಉತ್ತರ ಸಿಗುತ್ತದೆ. ಅಲ್ಲಿಂದ ಪಲ್ಲವಿಯನ್ನು ಏಂಜಲ್ ತನ್ನ ಮೇಲೇ ಹಾಡಿಕೊಳ್ಳುತ್ತಾನೆ. ಕೊನೆಗೆ ಇಬ್ಬರೂ ಸೇರಿ ಇಬ್ಬರ ಬಗ್ಗೆಯೂ ಹಾಡುತ್ತಾರೆ.

ಪಲ್ಲವಿಯ ರಾಗ ಒಂದೇ. ಬೈಗುಳ ಮಾತ್ರ ಮೊದಲು ‘ನೀನು’, ಆಮೇಲೆ ‘ನಾನು’, ಕೊನೆಗೆ ‘ನಾವು’ ಎಂದು ಜಾಗ ಬದಲಿಸುತ್ತದೆ. ಬೈಗುಳವೇ ಸಾಂತ್ವನವಾಗುವುದು ಈ ಜಾಗ ಬದಲಾವಣೆಯಿಂದ. ನೀವು ಬರೆದ ಹಾಡಿನ ಪಲ್ಲವಿ ಮೂರು ಸಲವೂ ‘ನೀನು’ ಎಂದೇ ಇದ್ದರೆ ಅದು ಬರೀ ಬೈಗುಳ. ಮೂರು ಸಲವೂ ‘ನಾವು’ ಎಂದಿದ್ದರೆ ಅದು ಕಾಲೇಜ್ ಡೇ ಹಾಡು. ಮೊದಲು ತಿದ್ದಬೇಕಾದದ್ದು ಇದನ್ನೇ. ಶ್ರುತಿ, ಲಯ, ತುಟಿ ಎಲ್ಲ ಆಮೇಲಿನ ಮಾತು.

ಈ ವಿಷಯದಲ್ಲಿ ಕನ್ನಡ ನಿಮಗೆ ಒಂದು ಅನುಕೂಲ ಮಾಡಿಕೊಟ್ಟಿದೆ. ನೀನು, ನಾನು, ನಾವು ಮೂರೂ ಗುರು-ಲಘು, ಎರಡಕ್ಷರ, ಮೂರು ಮಾತ್ರೆ. ಸಾಲಿನ ಒಂದೇ ಜಾಗದಲ್ಲಿ ಒಂದನ್ನು ತೆಗೆದು ಇನ್ನೊಂದನ್ನು ಕೂರಿಸಿದರೆ ರಾಗದ ಒಂದು ಸ್ವರವೂ ಕದಲುವುದಿಲ್ಲ. ಉದಾಹರಣೆಗೆ ಒಂದು ಪಲ್ಲವಿ:

ದಂಡ | ಪಿಂಡ | ನೀನು | ಲೋ
ದಂಡ | ಪಿಂಡ | ನಾನು | ಲೋ
ದಂಡ | ಪಿಂಡ | ನಾವು | ಲೋ

ವ್ಯಾಕರಣಕ್ಕೆ ಹೆದರಿ ಮೂರನೆಯದನ್ನು ‘ದಂಡಪಿಂಡಗಳು ನಾವು’ ಮಾಡಿದಿರೋ, ಎರಡು ಮಾತ್ರೆ ಹೆಚ್ಚಾಗಿ ಸಾಲು ಹೊರಗೆ ಚೆಲ್ಲುತ್ತದೆ. ಆಡುಮಾತಿನಲ್ಲಿ ಏಕವಚನವೇ ಸಲ್ಲುತ್ತದೆ, ಬಿಡಿ. ಪಾತ್ರಗಳು ಹುಡುಗಿಯರಾದರೆ ‘ಲೋ’ ಜಾಗಕ್ಕೆ ‘ಲೇ’ ಹಾಕಿ, ‘ಕಣೇ’ ಬೇಡ. ‘ಕಣೇ’ ಲಘು-ಗುರು, ತಾಳದ ಮೇಲೆ ತಲೆಕೆಳಗಾಗಿ ಬೀಳುತ್ತದೆ. ಹುಬ್ಬಳ್ಳಿ-ಧಾರವಾಡದ ಪಾತ್ರಗಳಾದರೆ ಗಂಡಸರಿಗೂ ‘ಲೇ’ ನಡೆಯುತ್ತದೆ.

ಇನ್ನು ಸ್ವಿಂಗ್. ಒಂದು ಬೀಟನ್ನು ಸಮನಾಗಿ ಎರಡು ಮಾಡಿದರೆ ಅದು ನೇರ ಲಯ. ಮೂರು ಮಾಡಿ, ಮೊದಲೆರಡನ್ನು ಕೂಡಿಸಿ ಒಂದು ಉದ್ದ ಸ್ವರ, ಉಳಿದ ಒಂದನ್ನು ಗಿಡ್ಡ ಸ್ವರ ಮಾಡಿದರೆ ಸ್ವಿಂಗ್. ಅಂದರೆ 2:1. ಕರ್ನಾಟಕ ಸಂಗೀತದ ಅಭ್ಯಾಸ ಇದ್ದವರು ‘ಹಾಗಾದರೆ ತಿಸ್ರ ನಡೆ’ ಎಂದುಕೊಂಡು ಮೂರೂ ಪಾಲುಗಳನ್ನು ಸಮನಾಗಿ ತುಂಬುತ್ತಾರೆ. ಭಜನೆಯ ಛಾಯೆ ಬರುವುದು ಇಲ್ಲೇ ಎಂದು ನನ್ನ ಊಹೆ. ‘ತಕಿಟ ತಕಿಟ’ ಎಂದು ಹೇಳಿಕೊಂಡು ‘ಕಿ’ಯನ್ನು ನುಂಗಿ: ತ–ಟ, ತ–ಟ. ಮಧ್ಯದ ಆ ಖಾಲಿ ಜಾಗವೇ ಸ್ವಿಂಗ್. ಲಯ ನಿಧಾನವಾದಷ್ಟು ಈ ಅನುಪಾತ ಎದ್ದು ಕಾಣುತ್ತದೆ. ವೇಗ ಹೆಚ್ಚಿದಂತೆ ಉದ್ದ-ಗಿಡ್ಡಗಳ ಅಂತರ ಕರಗಿ ನೇರ ಲಯದ ಹತ್ತಿರ ಬರುತ್ತದೆ.

ಗುರು ಎರಡು ಮಾತ್ರೆ, ಲಘು ಒಂದು ಮಾತ್ರೆ. ಹಾಗಾಗಿ ಗುರು-ಲಘು ಪದ ತನ್ನಷ್ಟಕ್ಕೇ ಸ್ವಿಂಗ್ ಆಗುತ್ತದೆ. ಸೋತ, ಸಾಲ, ಬೇಡ, ಕೇಳು, ಪಾಪಿ, ಖೋಡಿ, ಭಂಡ, ಮೊಂಡ: ಒಂದೊಂದೂ ಒಂದು ಬೀಟಿಗೆ ಅಳತೆ ಮಾಡಿ ಕೊಟ್ಟಂತಿವೆ. ಉತ್ಸಾಹ ರಗಳೆ, ಭೋಗ ಷಟ್ಪದಿಗಳ ಮೂರು ಮಾತ್ರೆಯ ಗಣ ಇದೇ. ನಿಮ್ಮ ಸಾಲುಗಳಿಗೆ ಗಣ ಹಾಕಿ ನೋಡಿ. ‘ಧರಣಿ ಮಂಡಲ’ದ ಹಾಗೆ ಮೂರು-ನಾಲ್ಕು ಮೂರು-ನಾಲ್ಕು ಎಂದು ಬಂದರೆ ಅದು ಬಹಳ ಚಂದದ ನಡೆಯೇ, ಆದರೆ ಇಲ್ಲಿ ಪ್ರತಿ ಎರಡನೆಯ ಬೀಟಿಗೂ ಕಾಲು ತೊಡರುತ್ತದೆ. ಶಾಲೆಯಲ್ಲಿ ಬಾಯಿಗೆ ಕೂತ ನಡೆ ಅದು. ಸುಮ್ಮನೆ ಪದ್ಯ ಬರೆಯಲು ಕೂತರೆ ಕೈ ಅದೇ ದಾರಿಗೆ ಹೋಗುತ್ತದೆ.

ಮಾತ್ರೆ ಸರಿಯಿದ್ದರೂ ಕೆಡುವ ಒಂದು ಜಾಗವಿದೆ. ಕತ್ತೆ, ದಡ್ಡ, ಪೆದ್ದ, ಕೊಬ್ಬು – ಎಲ್ಲವೂ ಗುರು-ಲಘುವೇ. ಆದರೆ ಇಲ್ಲಿ ಮೊದಲ ಅಕ್ಷರ ಗುರುವಾಗಿರುವುದು ಒತ್ತಕ್ಷರದಿಂದ. ಸ್ವರ ಹ್ರಸ್ವವಾಗಿಯೇ ಇದೆ. ಉದ್ದ ಸ್ವರದ ಮೇಲೆ ಹಾಡಿದರೆ ಒಂದೋ ‘ಕಾತ್ತೆ’ ಆಗುತ್ತದೆ, ಇಲ್ಲವೇ ‘ಕತ್’ ಎಂದು ನಿಂತು ಮೌನವಾಗುತ್ತದೆ. ಎಳೆಯಬೇಕಾದ ಕಡೆ ದೀರ್ಘ ಸ್ವರವಿರುವ ಪದ ಇಡಿ, ಇಲ್ಲವೇ ಅನುಸ್ವಾರವಿರುವ ಪದ ಇಡಿ. ಅನುಸ್ವಾರವನ್ನು ಮೂಗಿನಲ್ಲಿ ಎಳೆಯಬಹುದು. ‘ದಂಡಪಿಂಡ’ ಅಷ್ಟು ಸುಖವಾಗಿ ಹಾಡಿಸಿಕೊಳ್ಳುವುದು ಅದಕ್ಕೇ. ನ್ನ, ಮ್ಮ, ಲ್ಲ, ಳ್ಳ, ಯ್ಯ ಒತ್ತುಗಳಲ್ಲೂ ದನಿ ನಿಲ್ಲುವುದಿಲ್ಲವಾದ್ದರಿಂದ ‘ಕಳ್ಳ’, ‘ಸುಳ್ಳ’ ನಡೆಯುತ್ತವೆ. ತ್ತ, ದ್ದ, ಡ್ಡ, ಬ್ಬ, ಕ್ಕ ದನಿಯನ್ನು ಕತ್ತರಿಸುತ್ತವೆ. ಅವು ಬೇಡವೇ ಬೇಡ ಎಂದಲ್ಲ. ಚುಚ್ಚುಮಾತಿಗೆ, ಹಾಡಿನ ನಡುವೆ ಸಿಡಿಯುವ ‘ದಡ್ಡ!’ ಎಂಬ ಉದ್ಗಾರಕ್ಕೆ ಅವಕ್ಕಿಂತ ಒಳ್ಳೆಯವಿಲ್ಲ.

ಬೈಗುಳದ ಆಯ್ಕೆಗೂ ಇದೇ ಜರಡಿ ಹಿಡಿಯಿರಿ. ಮೂಲದ ಹಾಡು ವಯಸ್ಕರ ಸರಣಿಯದ್ದು, ಅದರ ಭಾಷೆ ಬಹಳ ಒರಟು. ಆ ಒರಟುತನ ಕೆಲಸ ಮಾಡುವುದು ಬೈಯುವವನ ದನಿಯಲ್ಲಿ ಅಕ್ಕರೆ ಕೇಳುವುದರಿಂದ. ಕನ್ನಡದಲ್ಲಿ ಅಕ್ಕರೆಯಿಂದ ಬೈಯಲು ಬೇಕಾದಷ್ಟು ಮಾತುಗಳಿವೆ. ದಂಡಪಿಂಡ, ಸೋಂಬೇರಿ, ಮುಂಡೇದೆ, ಅಬ್ಬೇಪಾರಿ ಎಲ್ಲ ಸ್ನೇಹಿತರ ನಡುವೆ ಓಡಾಡುವಂಥವು. ಜಾತಿ, ಅಂಗವೈಕಲ್ಯ, ತಾಯಿ ಇವುಗಳ ಮೇಲಿನ ಬೈಗುಳ ಬಳಸಿದರೆ ಅಕ್ಕರೆ ಆ ಕ್ಷಣವೇ ಸತ್ತುಹೋಗುತ್ತದೆ, ಕಾಲೇಜಿನ ಪ್ರದರ್ಶನದಲ್ಲಿ ಚಿತ್ರವೂ ನಿಲ್ಲುತ್ತದೆ.

ಈಗ ಲಯದ ವೇಗ. ಇದನ್ನು ಕಿವಿಯೊಂದರಿಂದಲೇ ಆರಿಸಬೇಡಿ, ಫ್ರೇಮಿನ ಲೆಕ್ಕವನ್ನೂ ಜೊತೆಗಿಟ್ಟುಕೊಳ್ಳಿ. ಸೆಕೆಂಡಿಗೆ 24 ಫ್ರೇಮ್ ಆದರೆ ಒಂದು ಬೀಟಿಗೆ ಎಷ್ಟು ಫ್ರೇಮ್ ಎಂದು ತಿಳಿಯಲು 1440ನ್ನು ನಿಮಿಷದ ಬೀಟುಗಳಿಂದ ಭಾಗಿಸಿ. 120 ಬೀಟಿಗೆ 12 ಫ್ರೇಮ್, 96ಕ್ಕೆ 15, 90ಕ್ಕೆ 16, 80ಕ್ಕೆ 18. ಹೊಸಬರು ಇಷ್ಟಪಟ್ಟು ಹಿಡಿಯುವ 100 ಬೀಟಿಗೆ 14.4. ಇದನ್ನು 14 ಎಂದು ಎಕ್ಸ್‌ಪೋಷರ್ ಶೀಟಿನಲ್ಲಿ (ಫ್ರೇಮ್‌ವಾರು ಲೆಕ್ಕದ ಹಾಳೆಯಲ್ಲಿ) ಗುರುತು ಹಾಕುತ್ತ ಹೋದರೆ 60 ಬೀಟಿಗೆ 24 ಫ್ರೇಮ್, ಅಂದರೆ ಇಡೀ ಒಂದು ಸೆಕೆಂಡ್ ತಪ್ಪುತ್ತದೆ.

ಸ್ವಿಂಗ್ ಹಾಡಾದ್ದರಿಂದ ಬೀಟಿನ ಫ್ರೇಮುಗಳು ಮೂರರಿಂದ ಭಾಗವಾಗಬೇಕು. ಒಂದು ಚಿತ್ರವನ್ನು ಎರಡು ಫ್ರೇಮ್ ಹಿಡಿಯುವ ಪದ್ಧತಿಯಲ್ಲಿ, ಅಂದರೆ ಟೂಸ್‌ನಲ್ಲಿ, ಮಾಡುತ್ತೀರಾದರೆ ಎರಡರಿಂದಲೂ ಭಾಗವಾಗಬೇಕು. 80 ಮತ್ತು 120 ಎರಡಕ್ಕೂ ಒಪ್ಪುತ್ತವೆ. 96 ಕೇಳಲು ಹಿತ, ಆದರೆ 15 ಬೆಸಸಂಖ್ಯೆ. ಮೊದಲ ಬೀಟ್ 1ನೇ ಫ್ರೇಮ್, ಎರಡನೆಯದು 16, ಮೂರನೆಯದು 31, ನಾಲ್ಕನೆಯದು 46. ಟೂಸ್‌ನಲ್ಲಿ ಹೊಸ ಚಿತ್ರ ಬರುವುದು 1, 3, 5 ಹೀಗೆ ಬೆಸ ಫ್ರೇಮುಗಳಲ್ಲಿ. ಆಗ ಎರಡು ಮತ್ತು ನಾಲ್ಕನೆಯ ಬೀಟುಗಳು ಎರಡು ಚಿತ್ರಗಳ ಸಂದಿಗೆ ಬೀಳುತ್ತವೆ. ಜಾಝ್‌ನಲ್ಲಿ ಚಿಟಿಕೆ ಬೀಳುವುದೇ ಎರಡು ಮತ್ತು ನಾಲ್ಕರ ಮೇಲೆ! 96 ಬೇಕೇ ಬೇಕು ಅನ್ನುವುದಾದರೆ ಚಿತ್ರಗಳನ್ನು ಸಮ ಫ್ರೇಮುಗಳಿಂದ ಶುರುಮಾಡಿ, ಎರಡು-ನಾಲ್ಕು ಸರಿಯಾಗಿ ಕೂರಲಿ, ಒಂದು-ಮೂರು ಬೇಕಾದರೆ ಜಾರಲಿ.

ನನ್ನ ಸಲಹೆ 80. ಹಸ್ಕ್‌ನ ಹಾಗೆ ಅರ್ಧ ಮಾತು ಅರ್ಧ ಹಾಡು ಮಾಡಲು ಕನ್ನಡದ ಉದ್ದ ಪದಗಳಿಗೆ ಅಷ್ಟು ಜಾಗ ಬೇಕು. ಒಂದು ಬೀಟ್ 18 ಫ್ರೇಮ್, ಉದ್ದ ಸ್ವರಕ್ಕೆ 12, ಗಿಡ್ಡಕ್ಕೆ 6. ನಾಲ್ಕು ಬೀಟಿನ ಒಂದು ಬಾರ್ 72 ಫ್ರೇಮ್, ಮೂರು ಸೆಕೆಂಡ್. ಎರಡೂವರೆ ನಿಮಿಷ ಅಂದರೆ 50 ಬಾರ್, 3600 ಫ್ರೇಮ್. ಇದನ್ನು ಹೀಗೆ ಹಂಚಬಹುದು: ಆರಂಭಕ್ಕೆ 2 ಬಾರ್, ಮೊದಲ ಚರಣ 8, ತಿರುವು 2, ‘ನೀನು’ ಪಲ್ಲವಿ 8, ಎರಡನೆಯ ಚರಣ 8, ತಿರುವು 2, ‘ನಾನು’ ಪಲ್ಲವಿ 8, ‘ನಾವು’ ಪಲ್ಲವಿ 8, ಮುಕ್ತಾಯ 4.

ತಿರುವಿನ ಎರಡು ಬಾರ್‌ಗಳನ್ನು ಯಾರೂ ನಂಬುವುದಿಲ್ಲ, ಎಲ್ಲರೂ ಕತ್ತರಿಸಲು ನೋಡುತ್ತಾರೆ. ಅಲ್ಲಿ ವಾದ್ಯಗಳು ನಿಲ್ಲಬೇಕು, ಹಾಡುವವನು ಬರೀ ಮಾತಿನಲ್ಲಿ ‘ನೀ ಹೇಳಿದ್ದು ನಿಜ’ ಅನ್ನಬೇಕು, ಆಮೇಲೆ ಕನಿಷ್ಠ ಎರಡು ಬೀಟು, 36 ಫ್ರೇಮು, ಏನೂ ಇರಬಾರದು. ಎದುರಿನವನ ಮುಖ ಮಾತ್ರ. ನಗು ಹುಟ್ಟುವುದು ಆ ಖಾಲಿಯಲ್ಲಿ.

ಹಾಡುಗಾರರ ಆಯ್ಕೆ ಮತ್ತು ಶ್ರುತಿ. ಹಸ್ಕ್‌ನಿಗೆ ದನಿ ಕೊಟ್ಟ ಕೀತ್ ಡೇವಿಡ್ ಅವರದು ಆಳದ ಮಂದ್ರ ಕಂಠ. ಏಂಜಲ್‌ನಿಗೆ ಹಾಡಿದ ಬ್ಲೇಕ್ ರೋಮನ್ ಬ್ರಾಡ್‌ವೇ ರಂಗಭೂಮಿಯಿಂದ ಬಂದವರು, ಅವರದು ಮೇಲಿನ ಸ್ಥಾಯಿಯ ದನಿ. ಇಬ್ಬರ ದನಿಗೂ ನಡುವೆ ಇಷ್ಟು ದೂರ ಇರುವುದರಿಂದಲೇ ಕಣ್ಣು ಮುಚ್ಚಿದರೂ ಯಾರು ಹಾಡುತ್ತಿದ್ದಾರೆ ಎಂದು ತಿಳಿಯುತ್ತದೆ. ನಿಮ್ಮ ಇಬ್ಬರು ಗಾಯಕರ ದನಿ ಒಂದೇ ಥರ ಇದ್ದರೆ ಒಬ್ಬರನ್ನು ಬದಲಿಸುವುದೇ ಒಳ್ಳೆಯದು. ಮಿಕ್ಸಿಂಗ್‌ನಲ್ಲಿ ಇದನ್ನು ಸರಿಪಡಿಸಲಾಗದು. ಇಬ್ಬರೂ ಸಲೀಸಾಗಿ ಮುಟ್ಟುವ ಅತಿ ಕೆಳಗಿನ ಮತ್ತು ಅತಿ ಮೇಲಿನ ಸ್ವರಗಳನ್ನು ಹಾರ್ಮೋನಿಯಂನಲ್ಲಿ ಗುರುತಿಸಿಕೊಳ್ಳಿ, ಎರಡೂ ತುದಿಯಿಂದ ಎರಡೆರಡು ಮನೆ ಬಿಟ್ಟುಬಿಡಿ. ಉಳಿದದ್ದರೊಳಗೆ ಪಲ್ಲವಿ ಕೂರಬೇಕು. ಕೂರದಿದ್ದರೆ ‘ನಾನು’ ಪಲ್ಲವಿಗೆ ಶ್ರುತಿ ಏರಿಸಿ. ಕಥೆಯೂ ಅಲ್ಲೇ ತಿರುಗುವುದರಿಂದ ಏರಿಕೆಗೆ ಅರ್ಥವಿರುತ್ತದೆ. ಕೊನೆಯ ಪಲ್ಲವಿಯಲ್ಲಿ ಮಂದ್ರದವನು ರಾಗ ಹಿಡಿದು, ಇನ್ನೊಬ್ಬ ಅದರ ಮೇಲಿನ ಗಾಂಧಾರದ ಅಂತರದಲ್ಲಿ ಹಾಡಿದರೆ ಸಾಕು, ಅದಕ್ಕಿಂತ ಹೆಚ್ಚಿನ ಹಾರ್ಮನಿ ಬೇಡ.

ಅಭ್ಯಾಸ ಹೀಗೆ ಮಾಡಿಸಿ. ಮೊದಲು ರಾಗ ಬಿಟ್ಟು, 80ರ ಲಯಕ್ಕೆ ಸಾಲುಗಳನ್ನು ಬರೀ ಮಾತಾಗಿ ಆಡಲಿ. ಆಮೇಲೆ ಮೆಟ್ರೊನೋಮನ್ನು 40ಕ್ಕೆ ಇಳಿಸಿ, ಅದರ ಪ್ರತಿ ಟಕ್ ಶಬ್ದವನ್ನೂ ಎರಡು ಮತ್ತು ನಾಲ್ಕನೆಯ ಬೀಟು ಎಂದು ಎಣಿಸಿಕೊಂಡು ಅದೇ ಸಾಲುಗಳನ್ನು ಆಡಲಿ. ನಮ್ಮ ಕೈ ಸಹಜವಾಗಿ ಒಂದು ಮತ್ತು ಮೂರಕ್ಕೆ ತಟ್ಟುತ್ತದೆ. ಆ ಚಾಳಿ ಬಿಡಿಸುವುದಕ್ಕೆ ಇದಕ್ಕಿಂತ ಸುಲಭದ ಉಪಾಯವಿಲ್ಲ. ಮಾತು ತೂಗಲು ಶುರುವಾದ ಮೇಲೆ ರಾಗ ಸೇರಿಸಿ. ಉಲ್ಟಾ ಕ್ರಮದಲ್ಲಿ ಕಲಿತವರು ರಾಗವನ್ನು ನೆಟ್ಟಗೆ ಹಾಡಿ ಆಮೇಲೆ ಸ್ವಿಂಗ್ ಮೆತ್ತಲು ಹೆಣಗುತ್ತಾರೆ.

ಧ್ವನಿಮುದ್ರಣಕ್ಕೆ 48 ಕಿಲೋಹರ್ಟ್ಸ್, 24 ಬಿಟ್, ವೇವ್ ಫೈಲ್. ಬಾಯಿಯಿಂದ ಮೈಕಿಗೆ ಒಂದು ಗೇಣು, ನಡುವೆ ಪಾಪ್ ಫಿಲ್ಟರ್. ಅತಿ ಜೋರಿನ ಜಾಗ ಮೈನಸ್ 6 ಡೆಸಿಬಲ್ ದಾಟದಿರಲಿ. ಇಬ್ಬರನ್ನೂ ಒಂದೇ ಕೋಣೆಯಲ್ಲಿ ಎದುರುಬದುರು ನಿಲ್ಲಿಸಿ, ಇಲ್ಲವಾದರೆ ನಡುವಿನ ಸಿಡುಕುಮಾತುಗಳು ಕಾಗದ ಓದಿದಂತೆ ಇರುತ್ತವೆ. ಎರಡು ಮೈಕುಗಳ ನಡುವಿನ ದೂರ ಬಾಯಿ-ಮೈಕಿನ ದೂರದ ಮೂರು ಪಟ್ಟಾದರೂ ಇರಬೇಕು. ತಾಳದ ಟಕ್‌ಟಕ್ ಹೆಡ್‌ಫೋನಿನಿಂದ ಸೋರಿ ಮೈಕಿಗೆ ಬೀಳುತ್ತದೆ, ತಿರುವಿನ ಮೌನದಲ್ಲಿ ಅದು ಎದ್ದು ಕೇಳುತ್ತದೆ. ಕಿವಿ ಮುಚ್ಚುವ ಮಾದರಿಯ ಹೆಡ್‌ಫೋನೇ ಬೇಕು. ವಾದ್ಯಕ್ಕೆ ದುಡ್ಡು ಕಡಿಮೆ ಇದ್ದರೆ ಪಿಯಾನೊ ಮತ್ತು ಬೇಸ್‌ಗೆ ಮನುಷ್ಯರನ್ನು ಕರೆಯಿರಿ, ಬ್ರಾಸ್ ಅನ್ನು, ಅಂದರೆ ಟ್ರಂಪೆಟ್‌ನಂಥ ಊದುವಾದ್ಯಗಳನ್ನು, ಕಂಪ್ಯೂಟರಿನ ಸ್ಯಾಂಪಲ್‌ನಲ್ಲಿ ಮಾಡಿ. ಗಿಡ್ಡ ಗಿಡ್ಡ ಬ್ರಾಸ್ ಹೊಡೆತಗಳಲ್ಲಿ ಕಂಪ್ಯೂಟರ್ ಎಂದು ಅಷ್ಟಾಗಿ ಗೊತ್ತಾಗದು. ಬಾರಿಗೆ ನಾಲ್ಕು ಹೆಜ್ಜೆ ಹಾಕುವ ಬೇಸ್ ಮಾತ್ರ ಯಾಂತ್ರಿಕವಾದರೆ ಇಡೀ ಹಾಡು ಸತ್ತಂತಿರುತ್ತದೆ.

ಹಾಡಿನ ಲಯವನ್ನು ಆನಿಮ್ಯಾಟಿಕ್ (ಸ್ಟೋರಿಬೋರ್ಡ್ ಚಿತ್ರಗಳನ್ನು ಹಾಡಿಗೆ ಜೋಡಿಸಿದ ಕರಡು ವಿಡಿಯೊ) ಶುರುವಾಗುವ ಮೊದಲೇ ಬೀಗ ಹಾಕಿಡಿ. ಆಮೇಲೆ 80ನ್ನು 82 ಮಾಡಿದರೂ ಎಲ್ಲ ಶಾಟ್‌ಗಳನ್ನೂ ಹೊಸದಾಗಿ ಅಳೆಯಬೇಕು. ಗಾಯಕರ ಅಂತಿಮ ದನಿ ಇನ್ನೂ ಸಿಗದಿದ್ದರೆ ನಿಮ್ಮಲ್ಲೇ ಒಬ್ಬರು ಹಾಡಿದ ಗೈಡ್ ಟ್ರ್ಯಾಕಿಗೆ ಸ್ಟೋರಿಬೋರ್ಡ್ ಮಾಡಬಹುದು, ತುಟಿಯನ್ನು ಮಾತ್ರ ಮುಟ್ಟಬೇಡಿ.

ತುಟಿ ಹಿಂದೆ ಓಡುವ ರೋಗಕ್ಕೆ ಬರೋಣ. ಮೊದಲು ತಪಾಸಣೆ: ಹಾಡಿನ ಮೊದಲ ‘ಪ’ ಅಥವಾ ‘ಬ’ ಅಕ್ಷರದಲ್ಲಿ ಎಷ್ಟು ಫ್ರೇಮ್ ತಡವಾಗಿದೆ, ಕೊನೆಯ ‘ಪ’ ಅಥವಾ ‘ಬ’ದಲ್ಲಿ ಎಷ್ಟು ತಡವಾಗಿದೆ ಎಂದು ಎಣಿಸಿ. ಅಂತರ ಬೆಳೆಯುತ್ತ ಹೋಗಿದ್ದರೆ ಫ್ರೇಮ್ ದರದ ಗೊಂದಲ. ಒಂದು ತಂತ್ರಾಂಶದಲ್ಲಿ 24, ಇನ್ನೊಂದರಲ್ಲಿ 23.976 ಇದ್ದರೆ 150 ಸೆಕೆಂಡಿನಲ್ಲಿ ಸುಮಾರು ಮೂರೂವರೆ ಫ್ರೇಮ್ ಜಾರುತ್ತದೆ. ಬೀಟನ್ನು ಪೂರ್ಣಾಂಕಕ್ಕೆ ಇಳಿಸಿದ್ದರೂ ಹೀಗೇ ಆಗುತ್ತದೆ. ಮೊದಲಿಂದ ಕೊನೆಯವರೆಗೂ ಅಂತರ ಒಂದೇ ಇದ್ದರೆ ಕಾರಣ ಬೇರೆ. ಎಂಪಿ3 ಮಾಡಿದ ಹಾಡಿನ ತಲೆಯಲ್ಲಿ ಎನ್‌ಕೋಡರ್ ಒಂದಿಷ್ಟು ಮೌನ ಸೇರಿಸುತ್ತದೆ, ಕೆಲವು ತಂತ್ರಾಂಶಗಳು ಅದನ್ನು ಕಳೆಯದೆ ಓದುತ್ತವೆ. ಒಂದು ಫ್ರೇಮು 42 ಮಿಲಿಸೆಕೆಂಡಿಗೂ ಕಡಿಮೆ, ಆ ಮೌನ ಅದರ ಅರ್ಧವನ್ನಾದರೂ ತಿನ್ನುತ್ತದೆ. ಆನಿಮೇಷನ್ನಿಗೆ ವೇವ್ ಫೈಲ್ ಬಿಟ್ಟು ಬೇರೇನೂ ಬಳಸಬೇಡಿ.

ಅಂತರ ಒಂದೇ ಸಮ ಎರಡು ಫ್ರೇಮ್ ಇದೆಯೇ? ಹಾಗಾದರೆ ತಪ್ಪು ಬಿಡಿಸಿದವರದ್ದು. ಹಾಡುವಾಗ ಬೀಟಿನ ಮೇಲೆ ಬೀಳುವುದು ಸ್ವರ, ವ್ಯಂಜನ ಅದಕ್ಕೂ ಮುಂಚೆಯೇ ಬಂದಿರುತ್ತದೆ. ‘ಪಿಂಡ’ದ ಬೀಟು 19ನೇ ಫ್ರೇಮಿನಲ್ಲಿದ್ದರೆ ತುಟಿ 17 ಮತ್ತು 18ರಲ್ಲಿ ಮುಚ್ಚಿರಬೇಕು, 19ಕ್ಕೆ ತೆರೆದಿರಬೇಕು. ದನಿಯ ಅಲೆಚಿತ್ರ (ವೇವ್‌ಫಾರ್ಮ್) ಎದ್ದಿರುವ ಜಾಗ ನೋಡಿ 19ರಲ್ಲಿ ತುಟಿ ಮುಚ್ಚಿಸಿದರೆ ಎಲ್ಲ ಅಕ್ಷರವೂ ಎರಡು ಫ್ರೇಮ್ ತಡ. ತುಟಿ ತುಸು ಮುಂಚೆ ಬಂದರೆ ಕಣ್ಣು ಕ್ಷಮಿಸುತ್ತದೆ, ವಿಳಂಬವನ್ನು ಕ್ಷಮಿಸುವುದಿಲ್ಲ. ನಿಮ್ಮ ವಿವರಣೆ ಓದಿದರೆ ಮುಖ್ಯ ದೋಷ ಇದೇ ಅನ್ನಿಸುತ್ತದೆ. ಪೂರ್ತಿ ಬಾಯಿಯ ಪದರವನ್ನು ಎರಡು ಫ್ರೇಮ್ ಮೊದಲೇ ಬರುವಂತೆ ಎಳೆದು ಒಮ್ಮೆ ನೋಡಿ, ಐದು ನಿಮಿಷದ ಕೆಲಸ.

ಕನ್ನಡಕ್ಕೆ ಬಾಯಿಯ ಚಿತ್ರಪಟ ನೀವೇ ಮಾಡಿಕೊಳ್ಳಬೇಕು. ಒಂಬತ್ತು ಆಕಾರ ಸಾಕು: ಪ-ಬ-ಮ ವರ್ಗಕ್ಕೆ ಮುಚ್ಚಿದ ತುಟಿ, ಅ, ಆ, ಇ ಮತ್ತು ಯ, ಎ, ಒ, ಉ, ವ ಮತ್ತು ಇಂಗ್ಲಿಷಿನಿಂದ ಬಂದ ಫ಼, ಉಳಿದ ವ್ಯಂಜನಗಳಿಗೆ ಹಲ್ಲು ಕಾಣುವ ಅರೆತೆರೆದ ಬಾಯಿ. ಲ, ತ, ದ, ನ ಅಕ್ಷರಗಳಿಗೆ ನಾಲಿಗೆ ತುದಿ ತೋರಿಸುವ ಹತ್ತನೆಯದು ಹತ್ತಿರದ ಶಾಟ್‌ಗಳಿಗೆ ಮಾತ್ರ. ಟ, ಡ, ಣ, ಳ ಹೇಳುವಾಗ ನಾಲಿಗೆ ಒಳಕ್ಕೆ ಮಡಚಿಕೊಳ್ಳುವುದರಿಂದ ಹೊರಗೆ ಏನೂ ಕಾಣದು. ಪದದ ಆದಿಯ ಎ, ಒ ಬಾಯಲ್ಲಿ ಯೆ, ವೊ ಆಗುತ್ತವೆ. ‘ಒಬ್ಬ’ ಶುರುವಾಗುವುದು ಸಣ್ಣಗೆ ಕೂಡಿದ ತುಟಿಯಿಂದ.

ಅನುಸ್ವಾರದಲ್ಲಿ ಎಚ್ಚರ. ಸೊನ್ನೆ ಕಂಡ ಕೂಡಲೇ ‘ಮ್’ ಎಂದು ತುಟಿ ಮುಚ್ಚಿಸುವವರೇ ಹೆಚ್ಚು. ‘ದಂಡ’ದಲ್ಲಿ ಅದು ಣ್, ತುಟಿ ತೆರೆದೇ ಇರುತ್ತದೆ. ‘ಸೋಂಬೇರಿ’ಯಲ್ಲಿ ಅದು ನಿಜಕ್ಕೂ ಮ್. ಮುಂದಿನ ‘ಬ’ವೂ ಸೇರಿ ನಾಲ್ಕು ಫ್ರೇಮ್ ಮುಚ್ಚಿದ ತುಟಿ ಬೇಕು. ನಿಮ್ಮ ಪಲ್ಲವಿಯ ತುಂಬ ಅನುಸ್ವಾರ ಇದ್ದರೆ ಈ ಒಂದು ತಪ್ಪು ಇಡೀ ಹಾಡನ್ನು ಗುಟುಕು ನೀರು ಕುಡಿಯುವ ಮೀನಿನಂತೆ ಮಾಡಿಬಿಡುತ್ತದೆ.

ತುಟಿ ಮುಚ್ಚುವ ಅಕ್ಷರವನ್ನು ಎಂದೂ ಬಿಡಬೇಡಿ, ಟೂಸ್‌ನಲ್ಲಿ ಒಂದು ಚಿತ್ರವಾದರೂ ಇರಲಿ. ಉಳಿದವನ್ನು ಧಾರಾಳವಾಗಿ ಬಿಡಿ. ಗಿಡ್ಡ ಸ್ವರದ 6 ಫ್ರೇಮಿನಲ್ಲಿ ಮೂರು ಆಕಾರ ತುರುಕಿದರೆ ಬಾಯಿ ನಡುಗಿದಂತೆ ಕಾಣುತ್ತದೆ. ರುಬಾರ್ಬ್ ಲಿಪ್ ಸಿಂಕ್ ಎಂಬ ಉಚಿತ ತಂತ್ರಾಂಶ ಮೊದಲ ಕರಡಿಗೆ ಒಳ್ಳೆಯದು. ಅದರ ಸಹಜ ಆಯ್ಕೆ ಇಂಗ್ಲಿಷ್ ಪದಗಳನ್ನು ಹುಡುಕುತ್ತದೆ, ಕನ್ನಡಕ್ಕೆ ಫೋನೆಟಿಕ್ ಆಯ್ಕೆಗೆ ಬದಲಿಸಿ, ವಾದ್ಯವಿಲ್ಲದ ಬರೀ ದನಿಯ ಫೈಲ್ ಕೊಡಿ. ಹಾಡಿನ ಎಳೆದ ಸ್ವರಗಳಲ್ಲಿ ಅದು ತಡಬಡಾಯಿಸುತ್ತದೆ; ಅಲ್ಲಿ ಕೈಯಿಂದ ತಿದ್ದಿ.

ಇಷ್ಟೆಲ್ಲ ತುಟಿಯ ಬಗ್ಗೆ ಹೇಳಿದೆನಾದರೂ ಜೋಡಿಹಾಡಿನಲ್ಲಿ ನೋಡುವವರ ಕಣ್ಣು ಅರ್ಧ ಹೊತ್ತು ಹಾಡದವನ ಮುಖದ ಮೇಲಿರುತ್ತದೆ. 3600 ಫ್ರೇಮ್ ಟೂಸ್‌ನಲ್ಲಿ 1800 ಚಿತ್ರ. ನಾಲ್ವರಿಗೆ ಅಷ್ಟನ್ನೂ ಪೂರ್ಣವಾಗಿ ಬಿಡಿಸಲು ಆಗದು. ಹಾಡುವವನ ಮೈಯನ್ನು ಹಿಡಿದಿಟ್ಟು ಬಾಯಿ, ಹುಬ್ಬು, ಕೈ ಮಾತ್ರ ಆಡಿಸಿ, ಉಳಿಸಿದ ಶ್ರಮವನ್ನು ಕೇಳುವವನಿಗೆ ಹಾಕಿ. ‘ನೀನು’ ಪಲ್ಲವಿಯಲ್ಲಿ ಅವನಿಗೆ ಸಿಟ್ಟು, ಎರಡನೆಯ ಚರಣದಲ್ಲಿ ಬೇಡವೆಂದರೂ ತುಟಿಯಂಚಿಗೆ ಬರುವ ನಗು, ‘ನಾನು’ ಪಲ್ಲವಿಗೆ ಮೊದಲು ಉಸಿರೆಳೆದು ಭುಜ ಸಡಿಲವಾಗುವುದು. ಈ ಮೂರು ಭಂಗಿ ಸ್ಪಷ್ಟವಾದರೆ ದನಿ ಆಫ್ ಮಾಡಿದರೂ ಹಾಡು ಅರ್ಥವಾಗುತ್ತದೆ.

ಮೂಲದ ರಾಗಕ್ಕೇ ಕನ್ನಡ ಸಾಲು ಹೊಂದಿಸುವ ಆಸೆ ಇದ್ದರೆ ಬಿಟ್ಟುಬಿಡಿ. ಅದು ರೂಪಾಂತರ, ಹಕ್ಕುದಾರರ ಅನುಮತಿ ಬೇಕು. ಕಾಲೇಜಿನೊಳಗೆ ವಿದ್ಯಾರ್ಥಿಗಳು ವೇದಿಕೆಯ ಮೇಲೆ ಹಾಡುವುದಕ್ಕೆ 1957ರ ಹಕ್ಕುಸ್ವಾಮ್ಯ ಕಾಯ್ದೆಯ 52ನೇ ಕಲಂ ಒಂದಿಷ್ಟು ವಿನಾಯಿತಿ ಕೊಡುತ್ತದೆ. ಆನಿಮೇಷನ್ ಚಿತ್ರ ಮಾಡಿ ಯೂಟ್ಯೂಬ್‌ಗೆ ಏರಿಸುವುದು, ಚಿತ್ರೋತ್ಸವಕ್ಕೆ ಕಳಿಸುವುದು ಆ ವಿನಾಯಿತಿಯೊಳಗೆ ಬರುವುದಿಲ್ಲ. ಶೈಲಿಗೆ ಹಕ್ಕುಸ್ವಾಮ್ಯ ಇಲ್ಲ. ಸ್ವಿಂಗ್ ಲಯ, ತಿರುವಿನ ಉಪಾಯ, ನೀನು-ನಾನು-ನಾವು ಎಂಬ ನಡೆ ಯಾರ ಆಸ್ತಿಯೂ ಅಲ್ಲ.

ಕೆಲಸ ಶುರುಮಾಡುವುದು ಹಾಡಿನ ಆರಂಭದಿಂದಲ್ಲ, ‘ನಾನು’ ಪಲ್ಲವಿಯಿಂದ. ಎಂಟು ಬಾರ್, 24 ಸೆಕೆಂಡ್, 576 ಫ್ರೇಮ್. ಸಾಹಿತ್ಯ, ದನಿ, ಬೇಸ್, ಆನಿಮ್ಯಾಟಿಕ್, ತುಟಿ, ಬಣ್ಣ ಎಲ್ಲವನ್ನೂ ಅಷ್ಟಕ್ಕೆ ಮಾತ್ರ ಮೊದಲು ಪೂರ್ತಿ ಮುಗಿಸಿ. ನಾಲ್ವರಿಗೆ ಅದಕ್ಕೆ ಎಷ್ಟು ದಿನ ಹಿಡಿಯಿತೋ ಅದನ್ನು ಆರರಿಂದ ಗುಣಿಸಿ, 150 ಸೆಕೆಂಡಿಗೆ ಬೇಕಾದ ಕಾಲ ಸುಮಾರು ಅಷ್ಟು. ಕೊಟ್ಟ ಗಡುವಿನೊಳಗೆ ಅದು ಬರದಿದ್ದರೆ ಎರಡನೆಯ ಚರಣವನ್ನು ನಾಲ್ಕು ಬಾರ್‌ಗೆ ಇಳಿಸಿ. ಪಲ್ಲವಿ ಮೂರಕ್ಕೂ ಕತ್ತರಿ ಹಾಕಬೇಡಿ.